ಕಣ್ಣಿನ ಗುರುತು ಒತ್ತಿದರೆ ಗುಡ್ಡ ಮಾಯ!

ಮನೆ ಕಟ್ಟುವ ಜಾಗದಲ್ಲಿ ಎಂದಾದರೂ ನಿಂತು ನೋಡಿದ್ದೀರಾ? ಮೇಸ್ತ್ರಿಯ ಕೈಯಲ್ಲಿ ಒಂದು ನಕ್ಷೆ ಇರುತ್ತದೆ. ಅದರಲ್ಲಿ ಗೋಡೆ, ಬಾಗಿಲು, ಕಿಟಕಿ, ಅಳತೆಗಳು. ಸ್ವಲ್ಪ ದಿನ ಕಳೆದು ವಯರಿಂಗಿನವರು ಬರುತ್ತಾರೆ. ಅವರ ಕೈಯಲ್ಲೂ ಒಂದು ನಕ್ಷೆ. ಆದರೆ ಅದರಲ್ಲಿ ಸ್ವಿಚ್ಚು, ಲೈಟು, ಫ್ಯಾನಿನ ಗುರುತುಗಳೇ ಎದ್ದು ಕಾಣುತ್ತವೆ. ಪ್ಲಂಬರ್ ತಂದ ಹಾಳೆಯಲ್ಲಿ ಪೈಪು, ನಲ್ಲಿ, ನೀರು ಹೋಗುವ ದಾರಿ ಮಾತ್ರ. ಮೂರು ಹಾಳೆ ಇದೆ, ಹಾಗಾದರೆ ಮನೆಯ ಚಿತ್ರವನ್ನು ಮೂರು ಸಲ ಬರೆದರೋ? ಇಲ್ಲ. ಕಂಪ್ಯೂಟರಿನಲ್ಲಿರುವುದು ಒಂದೇ ಫೈಲು. ಪ್ರಿಂಟ್ ತೆಗೆಯುವಾಗ ಯಾರಿಗೆ ಯಾವುದು ಬೇಡವೋ ಅದನ್ನು ಮುಚ್ಚಿಟ್ಟಿದ್ದಾರೆ, ಅಷ್ಟೆ.

ಹೀಗೆ ಮುಚ್ಚುವುದು, ತೆರೆಯುವುದು, ಹತ್ತಿರ ಹೋಗಿ ನೋಡುವುದು, ತಿರುಗಿಸಿ ನೋಡುವುದು ನಕ್ಷೆ ಬರೆಯುವ ತಂತ್ರಾಂಶಗಳಲ್ಲಿ ನೀವು ಕಲಿಯಬೇಕಾದ ಮೊದಲ ಪಾಠ. ಗೆರೆ ಎಳೆಯುವುದು ಆಮೇಲೆ. ಇದನ್ನು ಸುಮ್ಮನೆ ಹೇಳುತ್ತಿಲ್ಲ. ಮುಚ್ಚಿಟ್ಟದ್ದನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಮೊದಲು ಒಂದು ಶಾಲೆಯ ಅಂಗಳದಲ್ಲಿ, ಆಮೇಲೆ ವಯನಾಡಿನ ಒಂದು ಬೆಟ್ಟದ ಬುಡದಲ್ಲಿ ನಿಂತು ನೋಡೋಣ.

ಕಂಪ್ಯೂಟರ್ ಬರುವ ಮೊದಲು ಈ ಕೆಲಸಕ್ಕೆ ಟ್ರೇಸಿಂಗ್ ಪೇಪರ್ ಇತ್ತು. ಗೋಡೆಗಳ ಚಿತ್ರದ ಮೇಲೆ ಒಂದು ಪಾರದರ್ಶಕ ಹಾಳೆ ಇಟ್ಟು ಅದರಲ್ಲಿ ವಯರಿಂಗ್ ಬರೆಯುವುದು, ಅದರ ಮೇಲೆ ಇನ್ನೊಂದು ಹಾಳೆ ಇಟ್ಟು ಪೈಪು ಬರೆಯುವುದು. ಬೇಡವಾದಾಗ ಆ ಹಾಳೆಯನ್ನು ಎತ್ತಿ ಬದಿಗಿಟ್ಟರಾಯ್ತು. ಸರ್ವೇ ಆಫ್ ಇಂಡಿಯಾದ ಧರಾತಲೀಯ ನಕ್ಷೆಗಳನ್ನು ಸಮಾಜ ವಿಜ್ಞಾನದ ತರಗತಿಯಲ್ಲಿ ನೋಡಿದ್ದೀರಲ್ಲ, ಅವೂ ಹೀಗೆಯೇ. ನೀರು ನೀಲಿ, ಕಾಡು ಹಸಿರು, ಕೃಷಿಭೂಮಿ ಹಳದಿ, ಮನೆ ಮತ್ತು ರಸ್ತೆ ಕೆಂಪು, ಸಮೋನ್ನತಿ ರೇಖೆ ಕಂದು. ಬಣ್ಣ ಬಣ್ಣಕ್ಕೂ ಬೇರೆ ಬೇರೆ ಅಚ್ಚು ಮಾಡಿ, ಒಂದೇ ಕಾಗದದ ಮೇಲೆ ಒಂದರ ನಂತರ ಒಂದು ಒತ್ತುತ್ತಿದ್ದರು. ಕಂದು ಬಣ್ಣದ ಅಚ್ಚನ್ನು ಒತ್ತದೆ ಬಿಟ್ಟರೆ ಇಡೀ ಜಿಲ್ಲೆ ಮೈದಾನದ ಹಾಗೆ ಕಾಣುತ್ತಿತ್ತು. ಈ ಕಂದು ಬಣ್ಣವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ, ಮತ್ತೆ ಬೇಕಾಗುತ್ತದೆ.

ಕಂಪ್ಯೂಟರಿನಲ್ಲಿ ಆ ಟ್ರೇಸಿಂಗ್ ಹಾಳೆಯೇ ಪದರ, ಅಂದರೆ ಲೇಯರ್. ಶಾಲೆಯ ಲ್ಯಾಬಿನಲ್ಲಿ ಇಂಕ್‌ಸ್ಕೇಪ್ ಬಳಸಿದವರಿಗೆ ಪದರಗಳ ಪಟ್ಟಿ ಗೊತ್ತೇ ಇರುತ್ತದೆ. ಪ್ರತಿಯೊಂದು ಹೆಸರಿನ ಪಕ್ಕದಲ್ಲೂ ಒಂದು ಸಣ್ಣ ಕಣ್ಣು, ಒಂದು ಸಣ್ಣ ಬೀಗ. ಉಚಿತವಾಗಿ ಸಿಗುವ ಲಿಬ್ರೆಕ್ಯಾಡ್‌ನಲ್ಲೂ ಅದೇ ಕಣ್ಣು, ಅದೇ ಬೀಗ. ಕಣ್ಣನ್ನು ಒತ್ತಿದರೆ ಆ ಪದರದಲ್ಲಿರುವುದೆಲ್ಲ ಪರದೆಯಿಂದ ಮಾಯ. ಮತ್ತೊಮ್ಮೆ ಒತ್ತಿದರೆ ಇದ್ದ ಜಾಗದಲ್ಲೇ ಪ್ರತ್ಯಕ್ಷ. ಬೀಗ ಒತ್ತಿದರೆ ಕಾಣುತ್ತದೆ, ಆದರೆ ಮುಟ್ಟಲು ಆಗುವುದಿಲ್ಲ. ಭೂಪಟ ಮಾಡುವ ಕ್ಯೂಜಿಐಎಸ್‌ನಲ್ಲಿ ಕಣ್ಣಿನ ಬದಲು ಪುಟ್ಟ ಚೌಕ ಇದೆ, ಟಿಕ್ ತೆಗೆದರೆ ಪದರ ಮಾಯ. ಮೂರು ಆಯಾಮದ ವಸ್ತುಗಳನ್ನು ಬರೆಯುವ ಫ್ರೀಕ್ಯಾಡ್‌ನಲ್ಲಂತೂ ಇನ್ನೂ ಸುಲಭ: ಒಂದು ಭಾಗವನ್ನು ಆರಿಸಿ ಸ್ಪೇಸ್‌ಬಾರ್ ಒತ್ತಿ, ಅಡಗಿತು. ಮತ್ತೆ ಒತ್ತಿ, ಬಂತು. ಗೋಡೆ ಅಡಗಿಸಿ ಒಳಗಿನ ಮೆಟ್ಟಿಲು ನೋಡಬಹುದು, ಮಾಡು ಅಡಗಿಸಿ ಕೋಣೆ ನೋಡಬಹುದು.

ಕಲ್ಪಟ್ಟದ ಎಲ್‌ಸ್ಟೋನ್ ಎಸ್ಟೇಟಿನಲ್ಲಿ ಭೂಕುಸಿತದ ಸಂತ್ರಸ್ತರಿಗಾಗಿ ಒಂದು ಬಡಾವಣೆ ಕಟ್ಟುವುದಕ್ಕೆ 2025ರ ಮಾರ್ಚ್ 27ರಂದು ಶಿಲಾನ್ಯಾಸವಾಯಿತು. ಒಂದೊಂದು ಮನೆಗೆ 7 ಸೆಂಟ್ಸ್ ಜಾಗ, ಮನೆ 1000 ಚದರ ಅಡಿ. ಒಂದು ಸೆಂಟ್ಸ್ ಅಂದರೆ 435.6 ಚದರ ಅಡಿ. ಹಾಗಾಗಿ ಜಾಗದ ಸುಮಾರು ಮೂರನೇ ಒಂದು ಪಾಲಿನಲ್ಲಿ ಮನೆ ಕೂರುತ್ತದೆ. ಇಂಥ ಒಂದು ಮನೆಯನ್ನು ನೀವೇ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಅಡಿಪಾಯ, ಗೋಡೆ, ಮಾಡು, ವಿದ್ಯುತ್, ನೀರು, ಶೌಚದ ಗುಂಡಿ, ಅಳತೆಗಳು, ಪೀಠೋಪಕರಣ ಹೀಗೆ ಎಂಟು ಪದರ ಆಯಿತು. ಎಲ್ಲವನ್ನೂ ಒಟ್ಟಿಗೆ ತೆರೆದಿಟ್ಟರೆ ಪರದೆ ಕೋಳಿ ಕೆದಕಿದ ಹಾಗೆ. ಏನೊಂದೂ ಅರ್ಥ ಆಗುವುದಿಲ್ಲ. ಆರನ್ನು ಮುಚ್ಚಿ ಎರಡನ್ನು ಉಳಿಸಿದರೆ ಮಾತ್ರ ನೀರಿನ ಪೈಪು ಎಲ್ಲಿ ಅಡಿಪಾಯವನ್ನು ದಾಟುತ್ತದೆ ಎಂಬುದು ಕಾಣುತ್ತದೆ. ಮುಚ್ಚದೆ ಇದ್ದರೆ ನೋಡಲಿಕ್ಕೇ ಆಗದು.

ಇಲ್ಲಿ ಒಂದು ಎಚ್ಚರಿಕೆ. ಮುಚ್ಚುವುದು ಬೇರೆ, ಅಳಿಸುವುದು ಬೇರೆ. ಮುಚ್ಚಿದ ಗೆರೆ ಫೈಲಿನಲ್ಲಿ ಹಾಗೇ ಇದೆ. ಅಷ್ಟೇ ಅಲ್ಲ, ಕೆಲವೊಮ್ಮೆ ಅದು ಕಾಣದೆಯೇ ಪೆಟ್ಟು ತಿನ್ನುತ್ತದೆ. 1982ರಿಂದ ಇರುವ ಆಟೋಕ್ಯಾಡ್‌ನಲ್ಲಿ ಪದರವನ್ನು ಮುಚ್ಚಲು ಎರಡು ದಾರಿ ಇದೆ. ಒಂದು ಆಫ್ ಮಾಡುವುದು, ಇನ್ನೊಂದು ಫ್ರೀಜ್ ಮಾಡುವುದು. ನೋಡುವ ಕಣ್ಣಿಗೆ ಎರಡೂ ಒಂದೇ. ಆದರೆ ಎರೇಸ್ ಅಂತ ಟೈಪ್ ಮಾಡಿ, ಯಾವುದನ್ನು ಎಂದು ಕೇಳಿದಾಗ ಆಲ್ ಎಂದು ಕೊಟ್ಟರೆ ಫ್ರೀಜ್ ಆದ ಪದರ ಉಳಿದುಕೊಳ್ಳುತ್ತದೆ, ಬರೀ ಆಫ್ ಆದ ಪದರದಲ್ಲಿದ್ದದ್ದು ಅಳಿಸಿಹೋಗುತ್ತದೆ! ಕಾಣದೆ ಇದ್ದದ್ದು ಹೋದದ್ದರಿಂದ ಹೋದದ್ದೂ ಕಾಣುವುದಿಲ್ಲ. ವಾರ ಕಳೆದು ಆ ಪದರವನ್ನು ತೆರೆದಾಗ ತಲೆಗೆ ಕೈ. ಬೀಗದ ಗುರುತು ಯಾಕೆ ಇಟ್ಟಿದ್ದಾರೆ ಎಂದು ಈಗ ಗೊತ್ತಾಯ್ತಲ್ಲ? ಬೀಗ ಹಾಕಿದ ಪದರಕ್ಕೂ ಆಲ್ ತಾಗುವುದಿಲ್ಲ.

ನನ್ನದೇ ಒಂದು ಎಡವಟ್ಟು ಹೇಳುತ್ತೇನೆ, ನಗಬೇಡಿ. ಒಂದು ಶಾಲೆಯ ಅಂಗಳದ ನಕ್ಷೆಯನ್ನು ನಾನು ಬಹಳ ಉತ್ಸಾಹದಿಂದ ಬರೆದಿದ್ದೆ. ಕಟ್ಟಡ, ಮರಗಳು, ಬಾವಿ, ಬಾವಿಯಿಂದ ಅಡುಗೆಮನೆಗೆ ಹೋಗುವ ನೀರಿನ ಪೈಪು, ಎಲ್ಲವೂ ಬೇರೆ ಬೇರೆ ಪದರದಲ್ಲಿ. ಸೈಕಲ್ ನಿಲ್ಲಿಸುವ ಶೆಡ್ಡಿಗೆ ಜಾಗ ತೋರಿಸಬೇಕಿತ್ತು. ಚಿತ್ರ ಚೊಕ್ಕವಾಗಿ ಕಾಣಲಿ ಎಂದು ಪೈಪಿನ ಪದರವನ್ನು ಮುಚ್ಚಿ ಪ್ರಿಂಟ್ ಕೊಟ್ಟೆ. ಮರುದಿನ ಶೆಡ್ಡಿನ ಕಂಬಕ್ಕೆ ಗುಂಡಿ ತೋಡುವಾಗ ಹಾರೆ ಸೀದಾ ಪೈಪಿಗೆ ಬಿತ್ತು. ಎರಡು ದಿನ ಮಧ್ಯಾಹ್ನದೂಟಕ್ಕೆ ಬಕೆಟಿನಲ್ಲಿ ನೀರು ಹೊತ್ತರು ಮಾರಾಯ್ರೇ. ಗುಂಡಿ ತೋಡಿದವರದ್ದು ಏನೂ ತಪ್ಪಿಲ್ಲ, ಅವರು ನಾನು ಕೊಟ್ಟ ಹಾಳೆಯನ್ನು ನಂಬಿದ್ದರು. ಅಂದಿನಿಂದ ನಾನು ಯಾವ ನಕ್ಷೆ ಪ್ರಿಂಟ್ ತೆಗೆದರೂ ಮೂಲೆಯಲ್ಲಿ ಒಂದು ಸಾಲು ಬರೆಯುತ್ತೇನೆ: ಈ ಹಾಳೆಯಲ್ಲಿ ಇಂತಿಂಥ ಪದರಗಳನ್ನು ತೋರಿಸಿಲ್ಲ.

ಇನ್ನು ನೋಟದ ವಿಷಯ. ಲ್ಯಾಬಿನಲ್ಲಿ ಅತಿ ಹೆಚ್ಚು ಕೇಳುವ ಕೂಗು ಯಾವುದು ಗೊತ್ತೇ? "ಸಾರ್, ಚಿತ್ರ ಹೋಯ್ತು!" ಹೋಗಿರುವುದಿಲ್ಲ. ಮೌಸಿನ ಚಕ್ರ ತಿರುಗಿಸುತ್ತ ತಿರುಗಿಸುತ್ತ ನೀವೇ ಚಿತ್ರದಿಂದ ದೂರ ಹೋಗಿರುತ್ತೀರಿ. ಕ್ಯಾಡ್‌ನಲ್ಲಿ ಕಾಗದಕ್ಕೆ ಅಂಚಿಲ್ಲ. ಪರದೆ ಅನ್ನುವುದು ದೊಡ್ಡ ಬಯಲಿನ ಮುಂದೆ ಹಿಡಿದ ಸಣ್ಣ ಕಿಟಕಿ. ಚಕ್ರ ತಿರುಗಿಸಿದರೆ ಕಿಟಕಿ ಹತ್ತಿರಕ್ಕೋ ದೂರಕ್ಕೋ ಹೋಗುತ್ತದೆ, ಚಕ್ರವನ್ನೇ ಒತ್ತಿ ಹಿಡಿದು ಎಳೆದರೆ ಕಿಟಕಿ ಪಕ್ಕಕ್ಕೆ ಜರಗುತ್ತದೆ. ಬಯಲು ಕದಲುವುದಿಲ್ಲ. 3 ಮೀಟರಿನ ಗೋಡೆ ಪರದೆಯಲ್ಲಿ ಇರುವೆಯಷ್ಟು ಕಂಡರೂ, ಪರದೆ ತುಂಬ ಕಂಡರೂ 3 ಮೀಟರೇ. ಈ ಕಿಟಕಿಯ ಉಪಾಯ ಹೊಸತೇನಲ್ಲ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಎಂಬ ವಿದ್ಯಾರ್ಥಿ ತನ್ನ ಪಿಎಚ್‌ಡಿಗಾಗಿ ಮಾಡಿದ ಸ್ಕೆಚ್‌ಪ್ಯಾಡ್‌ನಲ್ಲೇ ಅದು ಇತ್ತು. ಆಗ ಮೌಸಿನ ಚಕ್ರ ಎಲ್ಲಿಂದ ಬರಬೇಕು? ರೇಡಿಯೋಗೆ ಇರುವಂಥ ತಿರುಗುಗುಂಡಿಗಳನ್ನು ತಿರುಗಿಸಿ ಚಿತ್ರದ ಬೇಕಾದ ಭಾಗವನ್ನು ಹಿಗ್ಗಿಸಿ ನೋಡುತ್ತಿದ್ದರು.

ಹಾಗಾಗಿ ಚಿತ್ರ ಕಾಣದೆ ಹೋದರೆ ಗಾಬರಿ ಬೇಡ. ಲಿಬ್ರೆಕ್ಯಾಡ್‌ನಲ್ಲಿ ಆಟೋ ಝೂಮ್ ಒತ್ತಿ, ಫ್ರೀಕ್ಯಾಡ್‌ನಲ್ಲಿ ವಿ ಮತ್ತು ಎಫ್ ಕೀಗಳನ್ನು ಒಂದಾದ ಮೇಲೆ ಒಂದು ಒತ್ತಿ. ಬರೆದದ್ದೆಲ್ಲ ಪರದೆಯೊಳಗೆ ಬಂದು ನಿಲ್ಲುತ್ತದೆ. ಆಗಲೂ ಕಾಣದಿದ್ದರೆ ಪದರದ ಕಣ್ಣು ಮುಚ್ಚಿದೆಯಾ ನೋಡಿ. ಅಳಿಸಿಹೋಗಿದೆ ಎಂದು ಅನುಮಾನ ಪಡುವುದು ಕೊನೆಗೆ. ಇನ್ನೊಂದು ತಮಾಷೆ ಇದೆ: ಆಟೋ ಝೂಮ್ ಒತ್ತಿದಾಗ ಮನೆಯ ಚಿತ್ರ ಮೂಲೆಯಲ್ಲಿ ಚುಕ್ಕೆಯಂತೆ ಕಂಡರೆ, ಎಲ್ಲೋ ಬಹಳ ದೂರದಲ್ಲಿ ನಿಮ್ಮ ಕೈ ತಪ್ಪಿ ಬಿದ್ದ ಇನ್ನೊಂದು ಗೆರೆ ಇದೆ ಎಂದರ್ಥ. ಕಂಪ್ಯೂಟರ್ ಪಾಪ, ಎರಡನ್ನೂ ಒಟ್ಟಿಗೆ ತೋರಿಸಲು ಹೆಣಗುತ್ತಿದೆ.

ಕಿಟಕಿಯನ್ನು ಹತ್ತಿರ ದೂರ ಮಾಡುವುದಷ್ಟೇ ಅಲ್ಲ, ವಸ್ತುವಿನ ಸುತ್ತ ತಿರುಗಿಸಲೂಬಹುದು. ಫ್ರೀಕ್ಯಾಡ್‌ನಲ್ಲಿ 1 ಒತ್ತಿದರೆ ಎದುರಿನಿಂದ, 2 ಒತ್ತಿದರೆ ಮೇಲಿನಿಂದ, 3 ಒತ್ತಿದರೆ ಬಲದಿಂದ ನೋಡಿದ ಹಾಗೆ. 0 ಒತ್ತಿದರೆ ಓರೆಯಾಗಿ, ಮೂರು ಮುಖವೂ ಕಾಣುವಂತೆ. ಒಂದು ಲೋಟವನ್ನು ಮೇಲಿನಿಂದ ನೋಡಿ: ಬರೀ ವೃತ್ತ. ಅದು ಲೋಟವೋ, ತಟ್ಟೆಯೋ, ಆಳದ ಬಾವಿಯೋ ಹೇಳಲಿಕ್ಕಾಗದು. ಪಕ್ಕದಿಂದ ನೋಡಿದಾಗಲೇ ಎತ್ತರ ಗೊತ್ತಾಗುವುದು. ಮೇಲಿನ ನೋಟದಲ್ಲಿ ಎತ್ತರ ಸುಳ್ಳಾಗಿಲ್ಲ, ಅದು ನಿಮ್ಮ ಕಣ್ಣಿಗೆ ನೇರವಾಗಿ ನಿಂತು ಅಡಗಿಕೊಂಡಿದೆ. ಯಾವ ಕಣ್ಣಿನ ಗುರುತನ್ನೂ ಒತ್ತದೆಯೇ ಒಂದು ಪದರ ಮುಚ್ಚಿಹೋಯಿತು ಅನ್ನಿ.

ಈಗ ವಯನಾಡಿಗೆ ಹೋಗೋಣ. ಭೂಪಟ ಅಂದರೆ ಮೇಲಿನಿಂದ ನೋಡಿದ ನೋಟವೇ ತಾನೆ?

ಕೇರಳದ ಶಾಲೆಗಳಲ್ಲಿ ಹತ್ತನೇ ತರಗತಿಯ ಐಸಿಟಿ ಪುಸ್ತಕದಲ್ಲಿ ಹಲವು ವರ್ಷ ಕ್ಯೂಜಿಐಎಸ್ ಪಾಠ ಇತ್ತು. ನಿಮ್ಮ ಅಕ್ಕ, ಅಣ್ಣ ಮಾಡಿರಬಹುದು, ಕೇಳಿ ನೋಡಿ. ಅದರಲ್ಲಿ ವಯನಾಡು ಜಿಲ್ಲೆಯನ್ನು ತೆರೆದು ನದಿಗಳ ಪದರ ಒಂದನ್ನೇ ಉಳಿಸಿ ಉಳಿದದ್ದನ್ನೆಲ್ಲ ಮುಚ್ಚಿದಿರಿ ಅಂದುಕೊಳ್ಳಿ. ತಕ್ಷಣ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಜಿಲ್ಲೆಯ ಹೆಚ್ಚಿನ ನೀರು ಅರಬ್ಬಿ ಸಮುದ್ರದ ಕಡೆಗೆ ಹೋಗುವುದೇ ಇಲ್ಲ! ಪನಮರಂ ಹೊಳೆ, ಮಾನಂದವಾಡಿ ಹೊಳೆ ಕೂಡಿ ಕಬಿನಿಯಾಗಿ ಪೂರ್ವಕ್ಕೆ ಹರಿಯುತ್ತದೆ. ರಾಜ್ಯದ ಗಡಿಯ ಪದರ ಮುಚ್ಚಿದೆಯಲ್ಲ, ಹಾಗಾಗಿ ಗೆರೆ ಎಲ್ಲೂ ನಿಲ್ಲದೆ ಎಚ್.ಡಿ. ಕೋಟೆ ತಾಲೂಕಿನ ಬೀಚನಹಳ್ಳಿಯ ಅಣೆಕಟ್ಟಿಗೆ, ಅಲ್ಲಿಂದ ನಂಜನಗೂಡಿಗೆ, ತಿ. ನರಸೀಪುರದಲ್ಲಿ ಕಾವೇರಿಗೆ ಹೋಗಿ ಸೇರುತ್ತದೆ. ವಯನಾಡಿನಲ್ಲಿ ಜೋರು ಮಳೆ ಬಂದರೆ ನಂಜನಗೂಡಿನ ಹೊಳೆಬದಿಯವರಿಗೆ ಯಾಕೆ ಎಚ್ಚರಿಕೆ ಕೊಡುತ್ತಾರೆ ಎಂದು ಗಡಿಯ ಪದರ ತೆರೆದಿಟ್ಟುಕೊಂಡು ಯೋಚಿಸಿದರೆ ಹೊಳೆಯುವುದು ಕಷ್ಟ, ಮುಚ್ಚಿದರೆ ಸುಲಭ.

ಆದರೆ ಜಿಲ್ಲೆಯ ತೆಂಕು ಮೂಲೆಯಲ್ಲಿ, ಮೇಪ್ಪಾಡಿಯ ಆಚೆ, ನೀರು ಪಶ್ಚಿಮಕ್ಕೆ ತಿರುಗುತ್ತದೆ. ಅಲ್ಲಿನ ಪುನ್ನಪ್ಪುಳ ಎಂಬ ಸಣ್ಣ ಹೊಳೆ ಬೆಟ್ಟದಿಂದಿಳಿದು ಮುಂಡಕ್ಕೈ, ಚೂರಲ್‌ಮಲೆಗಳನ್ನು ಹಾದು ಚಾಲಿಯಾರ್ ನದಿಗೆ ಹೋಗುತ್ತದೆ. 2024ರ ಜುಲೈ 30ರ ಬೆಳಗಿನ ಜಾವ, ಎಲ್ಲರೂ ಮಲಗಿದ್ದಾಗ, ಆ ಹೊಳೆಯ ತಲೆಯಲ್ಲಿದ್ದ ಗುಡ್ಡ ಕುಸಿಯಿತು. ಮಣ್ಣು, ಬಂಡೆ, ಮರ, ನೀರು ಎಲ್ಲ ಒಂದಾಗಿ ಹೊಳೆಯ ದಾರಿಯಲ್ಲೇ ನುಗ್ಗಿದವು. ಮಲಯಾಳದಲ್ಲಿ ಇದಕ್ಕೆ ಉರುಳ್‌ಪೊಟ್ಟಲ್ ಎನ್ನುತ್ತಾರೆ. ಗುಡ್ಡದ ಬದಿ ಜರಿದು ರಸ್ತೆಗೆ ಬೀಳುವಂಥದ್ದಲ್ಲ ಇದು, ಹರಿದು ಬರುವಂಥದ್ದು. 250ಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ಚಾಲಿಯಾರ್‌ನಲ್ಲಿ ಬಹಳ ಕೆಳಗೆ, ಮಲಪ್ಪುರಂ ಜಿಲ್ಲೆಯ ನಿಲಂಬೂರಿನ ಕಡೆಯಲ್ಲೂ ದೇಹಗಳು ಸಿಕ್ಕವು.

ರಸ್ತೆ ಮತ್ತು ಮನೆಗಳ ಪದರ ಮಾತ್ರ ತೆರೆದಿಟ್ಟು ಆ ಊರನ್ನು ನೋಡಿದರೆ ಏನು ಕಾಣುತ್ತದೆ? ಒಂದು ಸೇತುವೆ, ಒಂದು ಶಾಲೆ, ಅಂಗಡಿಗಳು, ಚಹಾತೋಟದ ನಡುವೆ ರಸ್ತೆ. ಎಷ್ಟು ಸೌಮ್ಯ. ಹೊಳೆಯ ಪದರ ತೆರೆಯಿರಿ: ಮನೆಗಳು ನೀರಿನ ಹತ್ತಿರವೇ ಇವೆ. ಈಗ ನೆನಪಿಟ್ಟುಕೊಳ್ಳಲು ಹೇಳಿದ್ದೆನಲ್ಲ, ಆ ಕಂದು ಗೆರೆಗಳ ಪದರವನ್ನು ತೆರೆಯಿರಿ. ಗೆರೆಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ದಟ್ಟವಾಗಿವೆ. ಕುಸಿತ ಶುರುವಾದ ಜಾಗ ಸಮುದ್ರಮಟ್ಟದಿಂದ ಸುಮಾರು 1550 ಮೀಟರ್ ಎತ್ತರ. ಚೂರಲ್‌ಮಲೆ ಇರುವುದು 1000 ಮೀಟರಿಗಿಂತ ಕೆಳಗೆ. ಮೇಲಿನ ನೋಟದಲ್ಲಿ ಕೆಲವೇ ಕಿಲೋಮೀಟರ್ ದೂರದ ಒಂದು ಚುಕ್ಕೆ, ಪಕ್ಕದ ನೋಟದಲ್ಲಿ ತಲೆಯ ಮೇಲೆ ಅರ್ಧ ಕಿಲೋಮೀಟರಿಗಿಂತ ಎತ್ತರದಲ್ಲಿ ನಿಂತ ಮಣ್ಣು.

ಲೆಕ್ಕ ಮಾಡಿ ನೋಡೋಣ. 1:50,000ರ ನಕ್ಷೆಯಲ್ಲಿ ಎರಡು ಕಂದು ಗೆರೆಗಳ ನಡುವೆ 20 ಮೀಟರ್ ಎತ್ತರದ ವ್ಯತ್ಯಾಸ, 1 ಸೆಂಟಿಮೀಟರ್ ಅಂದರೆ 500 ಮೀಟರ್ ದೂರ. ಯಾವುದೋ ಒಂದು ಗುಡ್ಡದಲ್ಲಿ 2 ಸೆಂಟಿಮೀಟರ್ ಉದ್ದದಲ್ಲಿ ಇಂಥ 25 ಅಂತರಗಳು ಸಿಕ್ಕಿದವು ಎಂದುಕೊಳ್ಳಿ. ಏರಿದ್ದು 25 × 20 = 500 ಮೀಟರ್. ಅಡ್ಡಕ್ಕೆ ಹೋದದ್ದು 1000 ಮೀಟರ್. ಅಂದರೆ ಎರಡು ಹೆಜ್ಜೆ ಮುಂದೆ ಹೋಗಲು ಒಂದು ಹೆಜ್ಜೆಯಷ್ಟು ಹತ್ತಬೇಕು, ಇಳಿಜಾರಿನ ಕೋನ ಸುಮಾರು 27 ಡಿಗ್ರಿ. ಗ್ರಾಫ್ ಹಾಳೆಯಲ್ಲಿ ಬರೆದರೆ ನೀವೇ ಮಾಡಿದ ಪಕ್ಕದ ನೋಟ ಅದು. ಕ್ಯೂಜಿಐಎಸ್ ಇದನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ, ಆದರೂ ಒಮ್ಮೆ ಕೈಯಲ್ಲಿ ಮಾಡಬೇಕು ಎಂಬುದು ನನ್ನ ಹಠ.

ಇನ್ನೊಂದು ಪದರ ಇದೆ. ಅದು ಹಳೆಯ ಕುಸಿತಗಳದ್ದು. 1984ರಲ್ಲಿ ಮುಂಡಕ್ಕೈಯಲ್ಲಿ ಗುಡ್ಡ ಕುಸಿದಿತ್ತು. 2019ರ ಆಗಸ್ಟ್ 8ರಂದು ಪಕ್ಕದ ಪುತ್ತುಮಲೆಯಲ್ಲಿ ಕುಸಿಯಿತು. 2024ರ ದುರಂತದ ಬೆನ್ನಿಗೇ ಇಸ್ರೋದ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರಗಳನ್ನು ಹೊರತಂದಿತು. ಸುಮಾರು 86,000 ಚದರ ಮೀಟರ್ ನೆಲ ಜಾರಿ, ಸುಮಾರು 8 ಕಿಲೋಮೀಟರ್ ಹರಿದಿದೆ ಎಂದು ಅಳೆದದ್ದು ಅವರೇ. ಅದೇ ಜಾಗದಲ್ಲಿ ಹಿಂದೊಮ್ಮೆ ಕುಸಿದ ಗುರುತು ಇದೆ ಎಂದೂ ಹೇಳಿದರು. ಜುಲೈ ಕೊನೆಯ ವಯನಾಡಿನಲ್ಲಿ ಆಕಾಶದ ತುಂಬ ಮೋಡ. ಮಾಮೂಲಿ ಕ್ಯಾಮೆರಾಕ್ಕೆ ಮೋಡ ಬಿಟ್ಟು ಬೇರೇನೂ ಕಾಣದು, ಆ ಪದರವನ್ನು ಮುಚ್ಚಲು ಯಾವ ತಂತ್ರಾಂಶದಲ್ಲೂ ಗುಂಡಿ ಇಲ್ಲ. ಆದರೆ ರಿಸ್ಯಾಟ್ ಉಪಗ್ರಹ ಬಳಸುವುದು ರೇಡಾರ್ ಅಲೆಗಳನ್ನು. ಅವು ಮೋಡವನ್ನು ತೂರಿ ಹೋಗಿ ನೆಲಕ್ಕೆ ಬಡಿದು ಮರಳುತ್ತವೆ. ಹೀಗೆ 31ರಂದೇ ಚಿತ್ರ ಸಿಕ್ಕಿತು.

ದುರಂತದ ಮೊದಲಿನ ಚಿತ್ರ ಒಂದು ಪದರ, ನಂತರದ ಚಿತ್ರ ಇನ್ನೊಂದು. ಎರಡನ್ನೂ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಿಸಿ, ಮೇಲಿನದರ ಟಿಕ್ ತೆಗೆಯುವುದು, ಹಾಕುವುದು, ತೆಗೆಯುವುದು. ಬದಲಾಗದ ಜಾಗ ಸುಮ್ಮನೆ ಇರುತ್ತದೆ, ಬದಲಾದ ಜಾಗ ಮಿಟುಕುತ್ತದೆ. ಹೊಳೆಯ ದಾರಿ ತೆಳು ಗೆರೆಯಿಂದ ಅಗಲವಾದ ಬೂದು ಪಟ್ಟಿಯಾದದ್ದು ಹಾಗೆ ಕಾಣುತ್ತದೆ. 1930ರಲ್ಲಿ ಕ್ಲೈಡ್ ಟಾಂಬಾ ಪ್ಲೂಟೋವನ್ನು ಕಂಡುಹಿಡಿದದ್ದೂ ಇದೇ ಉಪಾಯದಿಂದ. ಆಕಾಶದ ಒಂದೇ ಭಾಗದ, ಬೇರೆ ಬೇರೆ ರಾತ್ರಿಯ ಎರಡು ಫೋಟೋಗಳನ್ನು ಯಂತ್ರದಲ್ಲಿಟ್ಟು ಒಂದನ್ನು ಮುಚ್ಚಿ ಇನ್ನೊಂದನ್ನು ತೋರಿಸುತ್ತ ಹೋದಾಗ, ಲಕ್ಷಾಂತರ ನಕ್ಷತ್ರಗಳು ಕದಲಲಿಲ್ಲ, ಒಂದು ಚುಕ್ಕೆ ಮಾತ್ರ ಹಾರಿತು.

ಹೀಗೆ ಪದರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಎಲ್ಲಿ ಅಪಾಯ ಹೆಚ್ಚು ಎಂದು ಮೊದಲೇ ಗುರುತಿಸಬಹುದು. ದೂರಸಂವೇದಿ ಕೇಂದ್ರ 2023ರಲ್ಲಿ ಭಾರತದ ಭೂಕುಸಿತಗಳ ಅಟ್ಲಾಸ್ ಪ್ರಕಟಿಸಿತು. ಕುಸಿತದ ಗುರುತುಗಳ ಜೊತೆಗೆ ಅಲ್ಲಿನ ಜನ, ಮನೆ, ರಸ್ತೆಗಳನ್ನೂ ಸೇರಿಸಿ 147 ಜಿಲ್ಲೆಗಳನ್ನು ಸಾಲಾಗಿ ಇರಿಸಿದ್ದಾರೆ. ಮೊದಲನೆಯದು ಉತ್ತರಾಖಂಡದ ರುದ್ರಪ್ರಯಾಗ. ವಯನಾಡು 13ನೆಯದು. ಗುಡ್ಡದ ಪದರ ಮಾತ್ರ ಇದ್ದು ಮನೆಯ ಪದರ ಖಾಲಿ ಇದ್ದರೆ ಕುಸಿತ ಕಾಡಿನೊಳಗಿನ ಒಂದು ಸದ್ದು. ಎರಡೂ ಒಂದರ ಮೇಲೊಂದು ಬಂದಲ್ಲಿ ಜನ ಸಾಯುತ್ತಾರೆ.

ಕಂಪ್ಯೂಟರ್ ಇಲ್ಲದಿದ್ದರೂ ಇದನ್ನು ನೀವು ಮಾಡಬಹುದು. ಅಂಗಡಿಯಿಂದ ನಾಲ್ಕು ಬಟರ್ ಪೇಪರ್ ತನ್ನಿ. ನಾಲ್ಕರ ಮೂಲೆಯಲ್ಲೂ ಒಂದೇ ಜಾಗಕ್ಕೆ ಕೂಡುವಂತೆ ಎರಡೆರಡು ತೂತು ಮಾಡಿಕೊಳ್ಳಿ, ಇಲ್ಲದಿದ್ದರೆ ಹಾಳೆಗಳು ಜಾರಿ ಮನೆ ತೋಡಿನೊಳಗೆ ಹೋಗುತ್ತದೆ! ಮೊದಲ ಹಾಳೆಯಲ್ಲಿ ನಿಮ್ಮ ಶಾಲೆಯ ಸುತ್ತಲಿನ ಮನೆ, ರಸ್ತೆ. ಎರಡನೆಯದರಲ್ಲಿ ತೋಡು, ಬಾವಿ, ಮಳೆಗಾಲದಲ್ಲಿ ಮಾತ್ರ ನೀರು ಹರಿಯುವ ದಾರಿ. ಇದಕ್ಕೆ ಅಜ್ಜ ಅಜ್ಜಿಯರನ್ನು ಕೇಳಲೇಬೇಕು, ಬೇಸಿಗೆಯಲ್ಲಿ ನೋಡಿದರೆ ಗೊತ್ತಾಗದು. ಮೂರನೆಯದರಲ್ಲಿ ನೆಲ ಯಾವ ಕಡೆಗೆ ಇಳಿಯುತ್ತದೆ ಎಂದು ಬಾಣದ ಗುರುತು, ಕಡಿದಾದಲ್ಲಿ ಬಾಣಗಳು ಹತ್ತಿರ ಹತ್ತಿರ. ನಾಲ್ಕನೆಯದರಲ್ಲಿ ಹಿಂದೆ ಯಾವಾಗಲಾದರೂ ಗುಡ್ಡ ಜರಿದ, ಕಟ್ಟಪುಣಿ ಕುಸಿದ, ನೀರು ನುಗ್ಗಿದ ಜಾಗಗಳು. ಎರಡೆರಡು ಹಾಳೆಗಳನ್ನು ಜೋಡಿಸಿ ಬೆಳಕಿಗೆ ಹಿಡಿದು ನೋಡಿ. ಆರು ಜೋಡಿ ಆಗುತ್ತದೆ, ಪ್ರತಿಯೊಂದರಲ್ಲೂ ಹೊಸದಾಗಿ ಏನು ಕಂಡಿತು ಎಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಚೆನ್ನಾಗಿ ಬಂದ ಜೋಡಿಯನ್ನು ತರಗತಿಯ ಗೋಡೆಗೆ ಅಂಟಿಸುವುದಾದರೆ, ಯಾವೆರಡು ಹಾಳೆಗಳನ್ನು ತೆಗೆದಿಟ್ಟಿದ್ದೀರಿ ಎಂದು ಮೂಲೆಯಲ್ಲಿ ಬರೆದೇ ಅಂಟಿಸಿ.